ಹೆರಿಗೆಗೆ ಆರೋಗ್ಯ ವಿಮೆ: ಯಾವಾಗ, ಯಾವುದು, ಎಷ್ಟು?

ಕಳೆದ ಮಳೆಗಾಲದ ಒಂದು ಸಂಜೆ ಕಾಪು ಕಡೆಯ ದಂಪತಿ ಕಂಕುಳಲ್ಲಿ ಮಗು, ಕೈಯಲ್ಲಿ ದಪ್ಪನೆಯ ಕಡತದೊಂದಿಗೆ ನನ್ನ ಚಿಕಿತ್ಸಾಲಯಕ್ಕೆ ಬಂದರು. "ಡಾಕ್ಟ್ರೇ, ಮದ್ದಿಗೆ ಬಂದದ್ದಲ್ಲ. ಈ ಕಾಗದವನ್ನೊಮ್ಮೆ ಓದಿ ಹೇಳಬೇಕು" ಎಂದರು ಗಂಡ. ಅದೊಂದು ಆರೋಗ್ಯ ವಿಮೆಯ ಪಾಲಿಸಿ. ಹೆಂಡತಿಗೆ ನಾಲ್ಕು ತಿಂಗಳಾಗಿದ್ದಾಗ ಹೆರಿಗೆಯ ಖರ್ಚಿಗೆಂದೇ ಕೊಂಡದ್ದು. 32ನೇ ವಾರದಲ್ಲಿ ಆಕೆಯ ರಕ್ತದೊತ್ತಡ ಏರಿ, ತುರ್ತಾಗಿ ಸಿಸೇರಿಯನ್ ಮಾಡಬೇಕಾಯಿತು. ಒಂದೂವರೆ ಕಿಲೋ ತೂಕದ ಕೂಸು ಮೂರು ವಾರ ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿತ್ತು. ತಾಯಿ ಮಗು ಇಬ್ಬರೂ ಉಳಿದರು, ಅದು ದೊಡ್ಡ ಮಾತು. ಆದರೆ ವಿಮೆಯಿಂದ ಒಂದು ರೂಪಾಯಿಯೂ ಬರಲಿಲ್ಲ. ಬಿಲ್ ಕಟ್ಟಲು ಮನೆಯ ಚಿನ್ನ ಸೊಸೈಟಿಯಲ್ಲಿ ಅಡವಿಗೆ ಹೋಗಿತ್ತು.

ಕಾಗದ ಓದಿದೆ. ಹೆರಿಗೆಗೆ ಸಂಬಂಧಿಸಿದ ಖರ್ಚಿಗೆ ಮೂರು ವರ್ಷ ಕಾಯಬೇಕು, ಮಗುವನ್ನು 90 ದಿನ ತುಂಬಿದ ಮೇಲಷ್ಟೇ ಸೇರಿಸಬಹುದು ಎಂದು ಅದರಲ್ಲಿ ಸ್ಪಷ್ಟವಾಗಿಯೇ ಬರೆದಿತ್ತು. ನಾನು ಹೇಳಬಹುದಾದದ್ದು ಹೆಚ್ಚೇನೂ ಇರಲಿಲ್ಲ. ಆಕೆ ಆರಂಭದ ದಿನಗಳಲ್ಲಿ ವಾಂತಿಗೆ ಮದ್ದು ಕೇಳಿಕೊಂಡು ಬಂದದ್ದು ನನ್ನಲ್ಲಿಗೇ. ಮದ್ದು ಬರೆದುಕೊಟ್ಟೆ, ಸ್ಕ್ಯಾನಿಂಗ್ ಮಾಡಿಸಲು ಹೇಳಿದೆ. ಹೆರಿಗೆಯ ಖರ್ಚಿಗೆ ಏನು ದಾರಿ ಮಾಡಿಕೊಂಡಿದ್ದೀರಿ ಎಂದು ಕೇಳಲಿಲ್ಲ. ಅಂದು ಕೇಳಬೇಕಿದ್ದ ಆ ಪ್ರಶ್ನೆಯೇ ಈ ವಾರದ ವಿಷಯ.

ಗರ್ಭಿಣಿಯಾದ ಮೇಲೆ ಕೊಂಡರೆ?

ಮೊದಲ ಪಾಠ ಇಷ್ಟೇ: ಗರ್ಭ ನಿಂತ ಮೇಲೆ ಸ್ವಂತಕ್ಕೆ ಕೊಳ್ಳುವ ಪಾಲಿಸಿ ಆ ಹೆರಿಗೆಗೆ ಉಪಯೋಗಕ್ಕೆ ಬರುವುದಿಲ್ಲ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದಂತೆ.

ಹೆಚ್ಚಿನ ಪಾಲಿಸಿಗಳಲ್ಲಿ ಹೆರಿಗೆಯ ಖರ್ಚು ಸೇರಿರುವುದೇ ಇಲ್ಲ. ವಿಮಾ ನಿಯಂತ್ರಣ ಪ್ರಾಧಿಕಾರವು 2019ರಲ್ಲಿ ಏಕರೂಪಗೊಳಿಸಿದ ಹೊರಗಿಡುವಿಕೆಗಳ ಪಟ್ಟಿಯಲ್ಲಿ ಸಹಜ ಹೆರಿಗೆ, ತೊಡಕಿನ ಹೆರಿಗೆ, ಸಿಸೇರಿಯನ್, ಗರ್ಭಪಾತ ಎಲ್ಲವೂ ಇವೆ. ಗರ್ಭಕೋಶದ ಹೊರಗೆ ನಿಲ್ಲುವ ಗರ್ಭ ಹಾಗೂ ಅಪಘಾತದಿಂದಾದ ಗರ್ಭಪಾತಕ್ಕೆ ಮಾತ್ರ ವಿನಾಯಿತಿ. ಹೆರಿಗೆಯನ್ನು ಸೇರಿಸಿಕೊಳ್ಳುವ ಪಾಲಿಸಿಗಳೂ ಇವೆ. ಆದರೆ ಅವುಗಳಲ್ಲಿ ಕಾಯುವ ಅವಧಿ ಒಂಬತ್ತು ತಿಂಗಳಿಂದ ನಾಲ್ಕು ವರ್ಷದವರೆಗೆ ಇರುತ್ತದೆ.

ಗರ್ಭಿಣಿ ಎಂಬುದನ್ನು ಅರ್ಜಿಯಲ್ಲಿ ಮುಚ್ಚಿಡುವ ಸಲಹೆಯನ್ನು ಯಾರಾದರೂ ಕೊಟ್ಟರೆ ಕೇಳಬೇಡಿ. ಆಸ್ಪತ್ರೆಯ ದಾಖಲೆಯಲ್ಲಿ ಕೊನೆಯ ಮುಟ್ಟಿನ ದಿನಾಂಕವೇ ಇರುತ್ತದೆ. ಸುಳ್ಳು ಹೇಳಿ ಕೊಂಡ ಪಾಲಿಸಿಯನ್ನು ಕಂಪೆನಿ ರದ್ದು ಮಾಡಿದರೆ ಮುಂದೆ ನಿಜವಾಗಿ ಕಾಯಿಲೆ ಬಿದ್ದಾಗಲೂ ಕೈಯಲ್ಲಿ ಏನೂ ಇರುವುದಿಲ್ಲ.

ಒಂದು ಸಮಾಧಾನವಿದೆ. ಈಗಾಗಲೇ ಇರುವ ಸಾಮಾನ್ಯ ಪಾಲಿಸಿ ಗರ್ಭಿಣಿಗೆ ಪೂರ್ತಿ ನಿಷ್ಪ್ರಯೋಜಕವಲ್ಲ. ನಮ್ಮ ಜಿಲ್ಲೆಯ ಮಳೆಗಾಲದಲ್ಲಿ ಡೆಂಗೆ, ಇಲಿಜ್ವರ ಸಾಮಾನ್ಯ. ಗರ್ಭಿಣಿಗೆ ಇಂತಹ ಜ್ವರ ಬಂದು ಆಸ್ಪತ್ರೆ ಸೇರಿದರೆ ಅದು ಹೆರಿಗೆಯ ಖರ್ಚಲ್ಲ. ಮೊದಲ 30 ದಿನಗಳ ಕಾಯುವಿಕೆ ಕಳೆದಿದ್ದರೆ ವಿಮೆ ಕೇಳಬಹುದು.

ಲೆಕ್ಕ ಹಾಕಿ ನೋಡಿ

ಹಾಗಾದರೆ ಹೊಸದಾಗಿ ಮದುವೆಯಾದವರು ಹೆರಿಗೆ ಸೇರಿರುವ ಪಾಲಿಸಿಯನ್ನೇ ಕೊಳ್ಳಬೇಕೆ? ಒಂದು ಕಲ್ಪಿತ ಲೆಕ್ಕ ನೋಡೋಣ. ಹೆರಿಗೆ ಸೌಲಭ್ಯಕ್ಕಾಗಿ ವರ್ಷಕ್ಕೆ 8,000 ರೂ. ಹೆಚ್ಚು ಕಂತು, ಕಾಯುವ ಅವಧಿ 3 ವರ್ಷ, ಹೆರಿಗೆಗೆ ಸಿಗುವ ಗರಿಷ್ಠ ಮೊತ್ತ 50,000 ರೂ. ಎಂದಿರಲಿ. ನಾಲ್ಕನೇ ವರ್ಷ ಹೆರಿಗೆಯಾದರೆ ಕೊಟ್ಟದ್ದು 32,000, ಪಡೆದದ್ದು 50,000. ಆರನೇ ವರ್ಷಕ್ಕೆ ಹೋದರೆ 48,000 ಕೊಟ್ಟು 50,000 ಪಡೆದಂತಾಯಿತು. ಹೆರಿಗೆಯ ಬಿಲ್ಲಿಗಷ್ಟೇ ಆದರೆ ಅದೇ ಹಣವನ್ನು ಅಂಚೆ ಕಚೇರಿಯ ಆರ್.ಡಿ.ಗೆ ಕಟ್ಟಿದರೂ ನಡೆದೀತು.

ಆದರೆ ವೈದ್ಯನಾಗಿ ನಾನು ಹೆದರುವುದು ಹೆರಿಗೆಯ ಬಿಲ್ಲಿಗಲ್ಲ. ಸಹಜ ಹೆರಿಗೆಯ ಖರ್ಚನ್ನು ಮೊದಲೇ ವಿಚಾರಿಸಿ ಕೂಡಿಡಬಹುದು, ಸಿಸೇರಿಯನ್ನಿನದ್ದೂ ಅಷ್ಟೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಹೆಚ್ಚುಕಡಿಮೆ ಮೂರು ಹೆರಿಗೆಗಳಲ್ಲಿ ಒಂದು ಸಿಸೇರಿಯನ್. ಅದನ್ನು ಎಲ್ಲರೂ ಲೆಕ್ಕದಲ್ಲಿ ಇಟ್ಟುಕೊಳ್ಳಲೇಬೇಕು. ಮನೆಯನ್ನು ಮುಳುಗಿಸುವುದು 37 ವಾರಕ್ಕೆ ಮೊದಲೇ ಹುಟ್ಟಿದ ಮಗು ನಿಗಾ ಘಟಕದಲ್ಲಿ ಕಳೆಯುವ ದಿನಗಳು. ಅದು ಮೂರು ದಿನವೋ ಮೂವತ್ತು ದಿನವೋ ಯಾರೂ ಮೊದಲೇ ಹೇಳಲಾರರು.

ಆದುದರಿಂದ ಪಾಲಿಸಿ ಆರಿಸುವಾಗ ಹೆರಿಗೆಗೆ ಎಷ್ಟು ಎಂಬುದರ ಜೊತೆಗೆ ಮಗುವಿಗೆ ಎಂದಿನಿಂದ, ಎಷ್ಟು ಎಂದು ಕೇಳಿ. ಹುಟ್ಟಿದ ದಿನದಿಂದಲೇ ರಕ್ಷಣೆ ಇದೆಯೇ? ಮಗುವಿನ ಚಿಕಿತ್ಸೆ ಆ 50,000ದೊಳಗೇ ಮುಗಿಯಬೇಕೇ, ಇಡೀ ಕುಟುಂಬದ ವಿಮಾ ಮೊತ್ತದಿಂದ ಸಿಗುತ್ತದೆಯೇ? ಎರಡು ಪಾಲಿಸಿಗಳ ನಡುವಿನ ನಿಜವಾದ ವ್ಯತ್ಯಾಸ ಇಲ್ಲಿದೆ.

ಈಗಾಗಲೇ ಗರ್ಭಿಣಿಯಾಗಿದ್ದರೆ ದಾರಿಗಳು

ಒಂದು, ಉದ್ಯೋಗದ ಗುಂಪು ವಿಮೆ. ಗಂಡ ಅಥವಾ ಹೆಂಡತಿ ಕೆಲಸ ಮಾಡುವ ಸಂಸ್ಥೆ ಗುಂಪು ವಿಮೆ ಮಾಡಿಸಿದ್ದರೆ ಅದರಲ್ಲಿ ಹೆರಿಗೆಗೆ ಕಾಯುವ ಅವಧಿ ಇಲ್ಲದಿರುವುದೇ ಹೆಚ್ಚು. ಕಚೇರಿಯಲ್ಲಿ ಇಂದೇ ವಿಚಾರಿಸಿ. ಹೆಂಡತಿಯ ಹೆಸರು ಸೇರಿದೆಯೇ? ಮಗು ಹುಟ್ಟಿದ ಮೇಲೆ ಎಷ್ಟು ದಿನದೊಳಗೆ ತಿಳಿಸಬೇಕು?

ನಮ್ಮ ಊರಿಗೆ ವಿಶೇಷವಾದ ಒಂದು ತೊಡಕು ಇಲ್ಲಿದೆ. ಮಗಳು ಅಳಿಯ ಇರುವುದು ಬೆಂಗಳೂರಿನಲ್ಲೋ ಮುಂಬಯಿಯಲ್ಲೋ. ಚೊಚ್ಚಲ ಹೆರಿಗೆ ತವರಿನಲ್ಲಿ. ಅಲ್ಲಿ ನಗದಿಲ್ಲದೆ ಚಿಕಿತ್ಸೆ ಕೊಡುವ ಪಟ್ಟಿಯಲ್ಲಿರುವ ಆಸ್ಪತ್ರೆ ಬೇರೆ, ಇಲ್ಲಿಯದು ಬೇರೆ. ಸೀಮಂತ ಮುಗಿಸಿ ಮಗಳನ್ನು ಕರೆತರುವ ಮುನ್ನ ನೀವು ನೆಚ್ಚಿದ ಉಡುಪಿ, ಮಣಿಪಾಲ ಅಥವಾ ಕಾರ್ಕಳದ ಆಸ್ಪತ್ರೆ ಆ ಪಟ್ಟಿಯಲ್ಲಿದೆಯೇ ಎಂದು ನೋಡಿಕೊಳ್ಳಿ. ಏಳನೇ ತಿಂಗಳಲ್ಲಿ ಕೆಲಸಕ್ಕೆ ರಾಜೀನಾಮೆ ಕೊಟ್ಟು ಊರಿಗೆ ಬರುವವರು ಇನ್ನೂ ಎಚ್ಚರದಿಂದಿರಬೇಕು. ಕೆಲಸ ಹೋದೊಡನೆ ಗುಂಪು ವಿಮೆಯೂ ಹೋಗುತ್ತದೆ. ರಾಜೀನಾಮೆಯ ಬದಲು ರಜೆ ಕೇಳಿ. ಅಳಿಯ ಕೊಲ್ಲಿ ರಾಷ್ಟ್ರದಲ್ಲಿದ್ದರೆ ಅಲ್ಲಿಯ ವಿಮೆ ಭಾರತದಲ್ಲಿ ನಡೆಯುತ್ತದೆಯೇ ಎಂದು ಬರಹದಲ್ಲಿ ಕೇಳಿ ತರಿಸಿಕೊಳ್ಳಿ.

ಎರಡು, ಇ.ಎಸ್.ಐ. ಕಾರ್ಕಳ ಕಡೆಯ ಗೇರುಬೀಜ ಕಾರ್ಖಾನೆಗಳಲ್ಲಿ ದುಡಿಯುವ ಹೆಣ್ಣುಮಕ್ಕಳು ಇದನ್ನು ಗಮನಿಸಬೇಕು. ಸಂಬಳದಲ್ಲಿ ಇ.ಎಸ್.ಐ. ವಂತಿಗೆ ಕಡಿತವಾಗುತ್ತಿದ್ದರೆ, ಅದಕ್ಕೆ ಹಿಂದಿನ ಎರಡು ವಂತಿಗೆ ಅವಧಿಗಳಲ್ಲಿ ಒಟ್ಟು 70 ದಿನಗಳ ವಂತಿಗೆ ಸಂದಿದ್ದಲ್ಲಿ, ಹೆರಿಗೆಗೆ 26 ವಾರಗಳ ವೇತನ ಸಿಗುತ್ತದೆ. 2017ರಿಂದ ಇದು ಜಾರಿಯಲ್ಲಿದೆ. ಎರಡು ಮಕ್ಕಳಿರುವವರಿಗೆ ಇದು 12 ವಾರ. ಗಂಡ ಇ.ಎಸ್.ಐ. ಸದಸ್ಯನಾಗಿದ್ದರೆ ಹೆಂಡತಿಗೂ ವೈದ್ಯಕೀಯ ಸೌಲಭ್ಯವಿದೆ. ಸಂಬಳದ ಚೀಟಿಯನ್ನೊಮ್ಮೆ ಬಿಡಿಸಿ ನೋಡಿ.

ಮೂರು, ಸರಕಾರಿ ಆಸ್ಪತ್ರೆ. ಇದನ್ನು ಬಡವರ ಆಸ್ಪತ್ರೆಯೆಂದು ಬದಿಗೆ ಸರಿಸಬೇಡಿ. 2011ರಲ್ಲಿ ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಂತೆ ಸರಕಾರಿ ಆಸ್ಪತ್ರೆಗಳಲ್ಲಿ ಹೆರಿಗೆ, ಸಿಸೇರಿಯನ್, ಔಷಧಿ, ಪರೀಕ್ಷೆ, ರಕ್ತ, ಊಟ ಎಲ್ಲವೂ ಉಚಿತ. ಒಂದು ವರ್ಷದವರೆಗೆ ಮಗುವಿನ ಕಾಯಿಲೆಗೂ ಅಲ್ಲಿ ಉಚಿತ ಚಿಕಿತ್ಸೆ ಇದೆ. ಇದಕ್ಕೆ ಎ.ಪಿ.ಎಲ್., ಬಿ.ಪಿ.ಎಲ್. ಎಂಬ ಭೇದವಿಲ್ಲ. ಉಡುಪಿಯಲ್ಲಿ ಕೂಸಮ್ಮ ಶಂಭು ಶೆಟ್ಟಿ ಸ್ಮಾರಕ ಹಾಜಿ ಅಬ್ದುಲ್ಲಾ ಸರಕಾರಿ ತಾಯಿ ಮತ್ತು ಮಕ್ಕಳ ಆಸ್ಪತ್ರೆ ಇದೆ. ಕಾರ್ಕಳದಲ್ಲಿ ತಾಲೂಕು ಆಸ್ಪತ್ರೆ ಇದೆ. ಆಶಾ ಕಾರ್ಯಕರ್ತೆಯನ್ನು ಕಂಡು ತಾಯಿ ಕಾರ್ಡ್ ಮಾಡಿಸಿಕೊಳ್ಳಿ. ಪ್ರತಿ ತಿಂಗಳ 9ರಂದು ಸರಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರ ಉಚಿತ ತಪಾಸಣೆ ನಡೆಯುತ್ತದೆ. ಖಾಸಗಿಯಲ್ಲಿ ಹೆರಿಗೆ ನಿಶ್ಚಯಿಸಿದವರೂ ಈ ಕಾರ್ಡ್ ಮಾಡಿಸಿಟ್ಟರೆ ನಷ್ಟವಿಲ್ಲ.

ನಾಲ್ಕು, ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ. 2018ರಿಂದ ಇರುವ ಈ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ ಚಿಕಿತ್ಸೆ ಇದೆ. ಆದರೆ ಕಾರ್ಡ್ ಇದೆಯೆಂದು ನೇರವಾಗಿ ಖಾಸಗಿ ಆಸ್ಪತ್ರೆಗೆ ಹೋಗಿ ಹೆರಿಗೆ ಮಾಡಿಸಿಕೊಳ್ಳಲಾಗದು. ಮೊದಲು ಸರಕಾರಿ ಆಸ್ಪತ್ರೆ. ಅಲ್ಲಿ ಆಗದ ಚಿಕಿತ್ಸೆಗೆ ಅವರು ಬರೆದುಕೊಡುವ ಶಿಫಾರಸು ಪತ್ರದೊಂದಿಗೆ ಮುಂದಕ್ಕೆ. ತುರ್ತು ಸ್ಥಿತಿಗೆ ಮಾತ್ರ ವಿನಾಯಿತಿ.

ಇನ್ನು, ನಮ್ಮಲ್ಲಿ ಅನೇಕರು ಮಾಡಿಸುವ ಮಣಿಪಾಲ ಆರೋಗ್ಯ ಕಾರ್ಡ್ ರಿಯಾಯಿತಿಯ ಕಾರ್ಡ್. ಅದರಿಂದ ಬಿಲ್ ಇಳಿಯುತ್ತದೆ. ಆದರೆ ಅದು ವಿಮೆಯಲ್ಲ, ಉಳಿದ ಹಣ ನೀವೇ ಕಟ್ಟಬೇಕು. ಕಾರ್ಡ್ ಇರುವವರು ಹೆರಿಗೆಯ ಯಾವ ಖರ್ಚಿಗೆ ರಿಯಾಯಿತಿ ಇದೆ ಎಂದು ಕೌಂಟರಿನಲ್ಲಿ ಮೊದಲೇ ಕೇಳಿ ತಿಳಿಯಿರಿ.

ಮೊದಲು ಆಸ್ಪತ್ರೆ, ಆಮೇಲೆ ಪಾಲಿಸಿ

ಯಾವ ಆಸ್ಪತ್ರೆ ಎಂಬುದನ್ನು ಪಾಲಿಸಿ ನಿರ್ಧರಿಸಬಾರದು. ತಾಯಿಯ ಸ್ಥಿತಿ ನಿರ್ಧರಿಸಬೇಕು. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಅವಳಿ ಮಕ್ಕಳು, ಹಿಂದಿನ ಸಿಸೇರಿಯನ್, ಹಿಂದೆ ದಿನ ತುಂಬದ ಹೆರಿಗೆ, ಕೆಳಗೆ ಕುಳಿತಿರುವ ಮಾಸು, ಹಿಮೋಗ್ಲೋಬಿನ್ 7ಕ್ಕಿಂತ ಕಡಿಮೆ, ಇವುಗಳಲ್ಲಿ ಯಾವುದಿದ್ದರೂ ಹಗಲು ರಾತ್ರಿ ಶಸ್ತ್ರಕ್ರಿಯೆ, ರಕ್ತ ಮತ್ತು ಶಿಶು ನಿಗಾ ಘಟಕ ಮೂರೂ ಒಂದೇ ಕಡೆ ಇರುವ ಆಸ್ಪತ್ರೆಯಲ್ಲೇ ಹೆರಿಗೆಯಾಗಬೇಕು. ಕಾರ್ಕಳದ ಹಳ್ಳಿಯಿಂದ ಮಣಿಪಾಲಕ್ಕೆ ಮೂವತ್ತಕ್ಕೂ ಹೆಚ್ಚು ಕಿಲೋಮೀಟರ್. ನೋವು ಬಂದ ಮೇಲೆ ಓಡುವುದಕ್ಕಿಂತ ಮೊದಲೇ ನಿಶ್ಚಯಿಸುವುದು ಲೇಸು.

ತಲೆನೋವು, ಕಣ್ಣು ಮಂಜಾಗುವುದು, ಮುಖ ಕೈ ಊದುವುದು, ರಕ್ತಸ್ರಾವ, ನೀರು ಹೋಗುವುದು, ಮಗುವಿನ ಚಲನೆ ಕಡಿಮೆಯಾಗುವುದು, ಇಂತಹ ಲಕ್ಷಣ ಕಂಡಾಗ ಯಾವ ಪಾಲಿಸಿಯನ್ನೂ ಯೋಚಿಸದೆ 108ಕ್ಕೆ ಕರೆಮಾಡಿ, ಹತ್ತಿರದ ಸೌಲಭ್ಯವುಳ್ಳ ಆಸ್ಪತ್ರೆಗೆ ಹೋಗಿ.

ಸಹಿ ಹಾಕುವ ಮುನ್ನ ಕೇಳಬೇಕಾದದ್ದು

1. ಹೆರಿಗೆಗೆ ಕಾಯುವ ಅವಧಿ ಎಷ್ಟು? ಸಹಜ ಹೆರಿಗೆಗೆ ಎಷ್ಟು, ಸಿಸೇರಿಯನ್‌ಗೆ ಎಷ್ಟು, ಎಷ್ಟು ಹೆರಿಗೆಗಳಿಗೆ?

2. ಮಗುವಿಗೆ ಮೊದಲ ದಿನದಿಂದ ರಕ್ಷಣೆ ಇದೆಯೇ? ಅದರ ಮಿತಿ ಯಾವುದು?

3. ತಿಂಗಳ ತಪಾಸಣೆ, ಸ್ಕ್ಯಾನಿಂಗ್, ಲಸಿಕೆ ಸೇರಿವೆಯೇ? ಸಾಮಾನ್ಯವಾಗಿ ಇರುವುದಿಲ್ಲ.

4. ಕೋಣೆ ಬಾಡಿಗೆಗೆ ಮಿತಿ ಇದೆಯೇ? ದಿನಕ್ಕೆ 4,000 ರೂ. ಮಿತಿಯಿದ್ದು ನೀವು 8,000ದ ಕೋಣೆ ಹಿಡಿದರೆ, ಬಾಡಿಗೆ ಮಾತ್ರವಲ್ಲ, ವೈದ್ಯರ ಶುಲ್ಕ, ಶಸ್ತ್ರಕ್ರಿಯೆಯ ಶುಲ್ಕಗಳಲ್ಲೂ ಅರ್ಧ ಕಡಿತವಾಗಬಹುದು. ಔಷಧಿಯ ಬಿಲ್ಲಿಗೆ ಈ ಕಡಿತವಿಲ್ಲ.

5. ಥೈರಾಯ್ಡ್, ರಕ್ತದೊತ್ತಡ, ಸಕ್ಕರೆ ಮೊದಲೇ ಇದ್ದರೆ ಬರೆಯಿರಿ. ಇವುಗಳಿಗೆ ಕಾಯುವ ಅವಧಿ 2024ರ ನಿಯಮದಂತೆ ಮೂರು ವರ್ಷ ಮೀರುವಂತಿಲ್ಲ.

ಪಾಲಿಸಿ ಕೈಸೇರಿದ ಮೇಲೆ ಓದಿ ನೋಡಿ. ಒಪ್ಪಿಗೆಯಾಗದಿದ್ದರೆ 30 ದಿನದೊಳಗೆ ಹಿಂತಿರುಗಿಸಬಹುದು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಹಾಗೂ ಕುಟುಂಬ ಆರೋಗ್ಯ ವಿಮೆಯ ಕಂತಿಗೆ ಜಿ.ಎಸ್.ಟಿ. ಇಲ್ಲ. ಗುಂಪು ವಿಮೆಯಾಗಲಿ ಸ್ವಂತದ್ದಾಗಲಿ, ಹೆರಿಗೆಯ ದಿನಾಂಕ ಗೊತ್ತಿರುವುದರಿಂದ ನಗದಿಲ್ಲದ ಚಿಕಿತ್ಸೆಗೆ ಮೊದಲೇ ಅರ್ಜಿ ಕೊಡಿ. ಕಂಪೆನಿ ಒಂದು ಗಂಟೆಯೊಳಗೆ ಉತ್ತರಿಸಬೇಕೆಂಬ ನಿಯಮ 2024ರಲ್ಲಿ ಬಂದಿದೆ. ನ್ಯಾಯವಾದ ಬೇಡಿಕೆಯನ್ನು ತಿರಸ್ಕರಿಸಿದರೆ ಮೊದಲು ಕಂಪೆನಿಗೆ ಲಿಖಿತ ದೂರು, ಅದಕ್ಕೆ ಬಗ್ಗದಿದ್ದರೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ದೂರು ಕೊಡಬಹುದು. ಅದಕ್ಕೆ ಶುಲ್ಕವಿಲ್ಲ.

ಕಾಪುವಿನ ಆ ದಂಪತಿ ಸಿಟ್ಟಿನಿಂದ ಪಾಲಿಸಿಯನ್ನೇ ನಿಲ್ಲಿಸುವವರಿದ್ದರು. ಬೇಡವೆಂದೆ. ಮಗುವಿಗೆ 90 ದಿನ ದಾಟಿತ್ತು; ಅದರ ಹೆಸರು ಸೇರಿಸಿ, ಮಗು ನಿಗಾ ಘಟಕದಲ್ಲಿದ್ದ ಸಂಗತಿಯನ್ನೂ ಮುಚ್ಚದೆ ಬರೆಯಿರಿ ಎಂದೆ. ತಾಯಿ ತನ್ನ ರಕ್ತದೊತ್ತಡವನ್ನು ವರ್ಷಕ್ಕೊಮ್ಮೆಯಾದರೂ ನೋಡಿಸಿಕೊಳ್ಳಬೇಕು. ಮೂರು ವರ್ಷದ ಕಾಯುವಿಕೆಯಲ್ಲಿ ಒಂದು ಭಾಗ ಆಗಲೇ ಕಳೆದಿದೆ. ಕಂತು ತಪ್ಪದಿದ್ದರೆ ಎರಡನೇ ಮಗುವಿನ ಹೊತ್ತಿಗೆ ಅದೇ ಪಾಲಿಸಿ ಉಪಯೋಗಕ್ಕೆ ಬರುತ್ತದೆ.

ನಿಮ್ಮ ಮನೆಯಲ್ಲಿ ಮದುವೆ ನಿಶ್ಚಯವಾಗಿದ್ದರೆ ಛತ್ರ, ಅಡುಗೆಯವರು, ಚಿನ್ನ ಎಂದು ಲೆಕ್ಕ ಬರೆಯುವ ಪುಸ್ತಕದಲ್ಲಿ ಆರೋಗ್ಯ ವಿಮೆಯ ಮೊದಲ ಕಂತಿಗೂ ಒಂದು ಸಾಲು ಬಿಡಿ. ಈಗಾಗಲೇ ಗರ್ಭಿಣಿ ಇರುವ ಮನೆಯವರು ಹೊಸ ಪಾಲಿಸಿ ಹುಡುಕುವುದನ್ನು ಬಿಟ್ಟು, ಮೇಲಿನ ನಾಲ್ಕು ದಾರಿಗಳಲ್ಲಿ ನಿಮ್ಮದು ಯಾವುದೆಂದು ಈ ವಾರವೇ ವಿಚಾರಿಸಿ. ಮುಂದಿನ ತಪಾಸಣೆಗೆ ಹೋದಾಗ ವೈದ್ಯರು ಖರ್ಚಿನ ಮಾತೆತ್ತದಿದ್ದರೆ ನೀವೇ ಎತ್ತಿ. ಅದರಲ್ಲಿ ಸಂಕೋಚಪಡುವಂತಹದ್ದು ಏನೂ ಇಲ್ಲ.