ಬೇಸ್ ಗಿಟಾರ್ ಹಿಡಿದವರಿಗೆ

ಗಣೇಶೋತ್ಸವ, ರಾಜ್ಯೋತ್ಸವದ ಆರ್ಕೆಸ್ಟ್ರಾಗಳಲ್ಲಿ ಹವ್ಯಾಸಕ್ಕಾಗಿ ಬೇಸ್ ನುಡಿಸುವ ಗೆಳೆಯರೇ, ಹೊಸ ಪೆಡಲ್ ಕೊಳ್ಳುವ ಮುನ್ನ ಡ್ರಮ್ಮರ್ ಪಕ್ಕ ಕೂತು ಅಭ್ಯಾಸ ಮಾಡಿ. ಅವರ ಕಿಕ್ ಡ್ರಮ್ ಬಿದ್ದ ಕ್ಷಣಕ್ಕೇ ನಿಮ್ಮ ತಂತಿಯೂ ಮಿಡಿದರೆ ಇಡೀ ಹಾಡಿಗೆ ಕಾಲೂರಲು ನೆಲ ಸಿಗುತ್ತದೆ. ಈ ಸುಖಕ್ಕಾಗಿಯೇ ಅಲ್ಲವೇ ನಾವು ಬೇಸ್ ಹಿಡಿದದ್ದು!

ಗಾಯಕರು ವೇದಿಕೆಯಲ್ಲೇ ಶ್ರುತಿ ಏರಿಸಿದರೆ ಗಾಬರಿಯಾಗಬೇಡಿ. ಬೇಸ್‌ನ ನಾಲ್ಕೂ ತಂತಿಗಳ ನಡುವಿನ ಸ್ವರಾಂತರ ಒಂದೇ. ಬಿಡಿತಂತಿ ಬಳಸದೆ ಕಲಿತಿದ್ದರೆ, ಅದೇ ಬೆರಳುಗಾರಿಕೆಯನ್ನು ಒಂದೆರಡು ಫ್ರೆಟ್ ಮುಂದೆ ಸರಿಸಿದರಾಯಿತು.

ಅತಿ ಮಂದ್ರದ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಮೊಬೈಲ್ ಸ್ಪೀಕರಿಗೆ ಅದು ನಿಲುಕದು, ಹೆಡ್‌ಫೋನ್‌ನಲ್ಲಿ ಕೇಳಿ ಕಲಿಯಿರಿ. ಸಿಂಬಲ್ ಪಕ್ಕ ನಿಲ್ಲುವಾಗ ಮಾತ್ರ ಇಯರ್‌ಪ್ಲಗ್ ಮರೆಯಬೇಡಿ. ಮೆಡಿಕಲ್ ಶಾಪ್‌ನಲ್ಲೂ ಸಿಗುತ್ತವೆ.