ಕಿಡ್ನಿಯ ಒಳಗೆ ನೋಡುವ ಯಂತ್ರ

ನಮ್ಮ ಬೆನ್ನಿನ ಎರಡು ಪಕ್ಕದಲ್ಲಿ ಎರಡು ಕಿಡ್ನಿಗಳಿವೆ. ಒಂದೊಂದೂ ಮುಷ್ಟಿಯಷ್ಟು ಗಾತ್ರ. ಇವು ರಕ್ತವನ್ನು ಸೋಸುತ್ತವೆ. ಕಸ ಮೂತ್ರದಲ್ಲಿ ಹೋಗುತ್ತದೆ.

ಕಿಡ್ನಿಯಲ್ಲಿ ಗಡ್ಡೆ ಇದೆ ಅಂದರೆ ಎದೆ ಧಸಕ್ ಅನ್ನುತ್ತದೆ. ಆದರೆ ಎಲ್ಲಾ ಗಡ್ಡೆಯೂ ಕ್ಯಾನ್ಸರ್ ಅಲ್ಲ. ಎಷ್ಟೋ ಗಡ್ಡೆ ಬರೀ ನೀರಿನ ಚೀಲ. ಬೇರೆ ಸ್ಕ್ಯಾನಿಂಗ್‌ನಲ್ಲಿ ಸರಿಯಾಗಿ ಗೊತ್ತಾಗದಿದ್ದರೆ ಡಾಕ್ಟರು ಎಂ.ಆರ್.ಐ. ಮಾಡಿಸಿ ಅನ್ನಬಹುದು.

ಇದು ದೊಡ್ಡ ಅಯಸ್ಕಾಂತದ ಯಂತ್ರ. ಇದರಲ್ಲಿ ಎಕ್ಸ್‌ರೇ ಇಲ್ಲ. ಗಡ್ಡೆ ನೀರಿನದೋ, ಗಟ್ಟಿಯದೋ, ರಕ್ತನಾಳಕ್ಕೆ ಹಬ್ಬಿದೆಯೋ ನೋಡಬಹುದು. ರಕ್ತಪರೀಕ್ಷೆ ಎರಡೂ ಕಿಡ್ನಿಗಳ ಕೆಲಸವನ್ನು ಸೇರಿಸಿ ಹೇಳುತ್ತದೆ. ಈ ಯಂತ್ರದ ಹೊಸ ವಿಧಾನಗಳಲ್ಲಿ ಒಂದೊಂದರ ಕೆಲಸವನ್ನೂ ಬೇರೆ ಬೇರೆ ನೋಡಬಹುದು.

ಒಳಗೆ ಹೋಗುವ ಮೊದಲು ಬಳೆ, ಕಾಲುಂಗುರ, ತಾಳಿ ಎಲ್ಲಾ ತೆಗೀಬೇಕು. ತಾಳಿ ತೆಗೆಯೋದಾ ಅಂತ ಸಂಕಟ ಆಗಬಹುದು. ಸಾಮಾನ್ಯವಾಗಿ ಅರ್ಧ ಮುಕ್ಕಾಲು ಗಂಟೆ ಅಷ್ಟೆ. ಸೆರಗಿನ ಪಿನ್ನು ಮರೀಬೇಡಿ. ಕಬ್ಬಿಣದ್ದಾದರೆ ಅಯಸ್ಕಾಂತ ಅದನ್ನು ಎಳೆದುಕೊಳ್ಳುತ್ತದೆ! ಯಂತ್ರ ಡಬಡಬ ಸದ್ದು ಮಾಡುತ್ತದೆ, ಹೆದರಬೇಡಿ. ಉಸಿರು ಹಿಡೀರಿ ಅಂದಾಗ ಹಿಡೀರಿ. ಇಲ್ಲದಿದ್ದರೆ ಚಿತ್ರ ಮಸುಕಾಗುತ್ತದೆ.

ಕೆಲವರಿಗೆ ಚಿತ್ರ ಚೆನ್ನಾಗಿ ಕಾಣಲಿ ಅಂತ ಕೈನರಕ್ಕೆ ಔಷಧಿ ಕೊಡ್ತಾರೆ. ಕಿಡ್ನಿ ತೀರಾ ಕೆಟ್ಟಿದ್ದರೆ ಇದರ ಬಗ್ಗೆ ಡಾಕ್ಟರು ಎರಡು ಸಲ ಯೋಚಿಸಬೇಕಾಗುತ್ತದೆ. ಡಯಾಲಿಸಿಸ್ ನಡೀತಿದೆಯೇ, ನೀವು ಬಸುರಿಯೇ, ಮೈಯೊಳಗೆ ಪೇಸ್‌ಮೇಕರ್, ಕಾಪರ್-ಟಿ ಇದೆಯೇ? ಅವರು ಕೇಳದಿದ್ದರೂ ನೀವೇ ಮೊದಲು ಹೇಳಿ.