ಪ್ರೊಸೆಸರ್ ನೂರಕ್ಕೆ ನೂರು, ಕೆಲಸ ಮಾತ್ರ ನಿಧಾನ

ಪ್ರಶ್ನೆ: ನಾನು ಎಂಜಿನಿಯರಿಂಗ್ ಕಾಲೇಜಿನ ಉಪನ್ಯಾಸಕ. ಎಂಟು ಹಳೆಯ ಡೆಸ್ಕ್‌ಟಾಪ್‌ಗಳನ್ನು ಗಿಗಾಬಿಟ್ ಸ್ವಿಚ್‌ಗೆ ಜೋಡಿಸಿ, ಓಪನ್ ಎಂಪಿಐ ಹಾಕಿ ಕ್ಲಸ್ಟರ್ ಮಾಡಿದ್ದೇವೆ. ಎಲ್ಲ ಪ್ರೊಸೆಸರ್‌ಗಳೂ ಶೇ 100 ಬಳಕೆ ತೋರಿಸುತ್ತವೆ. ಆದರೂ ಲೆಕ್ಕ ಬೇಗ ಮುಗಿಯುವುದಿಲ್ಲ. ಹೊಸ ಪ್ರೊಸೆಸರ್ ಕೊಳ್ಳಬೇಕೆ?

ಉತ್ತರ: ಈಗಲೇ ಬೇಡ. ಸಂದೇಶಕ್ಕಾಗಿ ಕಾಯುವಾಗಲೂ ಓಪನ್ ಎಂಪಿಐ ನಿದ್ದೆಗೆ ಜಾರದೆ ‘ಬಂತೇ, ಬಂತೇ’ ಎಂದು ಸತತವಾಗಿ ನೋಡುತ್ತಲೇ ಇರುತ್ತದೆ. ಹಾಗಾಗಿ ಶೇ 100 ಎಂದರೆ ಅಷ್ಟೂ ಲೆಕ್ಕವೇ ನಡೆಯುತ್ತಿದೆ ಎಂದಲ್ಲ.

ಹೀಗೆ ಮಾಡಿ:

1. ಎಂಪಿಐಪಿ (mpiP) ಪ್ರೊಫೈಲರ್‌ನಿಂದ, ಎಂಪಿಐ ಕರೆಗಳಲ್ಲಿ ಎಷ್ಟು ಸಮಯ ಹೋಗುತ್ತಿದೆ ಎಂದು ಅಳೆಯಿರಿ.

2. ಪ್ರತಿ ಯಂತ್ರದಲ್ಲಿ ಕೋರ್‌ಗಳಿಗಿಂತ ಹೆಚ್ಚು ಪ್ರಕ್ರಿಯೆ ಓಡಿಸಬೇಡಿ. ಅನಿವಾರ್ಯವಾದರೆ ‘ಎಂಪಿಐ ಯೀಲ್ಡ್ ವೆನ್ ಐಡಲ್’ ಆಯ್ಕೆಯನ್ನು 1ಕ್ಕೆ ಇಡಿ. ಬಳಕೆಯ ಅಂಕಿ ಇಳಿಯದಿರಬಹುದು. ಆದರೆ ಕಾಯುವ ಪ್ರಕ್ರಿಯೆ ಉಳಿದವಕ್ಕೆ ಜಾಗ ಬಿಡುತ್ತದೆ.

3. ಸಣ್ಣ ಸಂದೇಶಗಳನ್ನು ಒಟ್ಟುಗೂಡಿಸಿ ಕಳುಹಿಸಿ. ಟಿಸಿಪಿಯಲ್ಲಿ ಪ್ರತಿ ಪ್ಯಾಕೆಟ್‌ನ ಚಾಕರಿಯೂ ಪ್ರೊಸೆಸರ್‌ನ ತಲೆಗೇ ಬರುತ್ತದೆ. ‘ಟಾಪ್’ನಲ್ಲಿ ‘ಎಸ್‌ಐ’ ಅಂಕಿ ಹೆಚ್ಚಿದ್ದರೆ ಅದು ಇದರ ಸೂಚನೆ.

4. ಕಾರ್ಡುಗಳೂ ಸ್ವಿಚ್ಚೂ ಒಪ್ಪಿದರೆ ಮಾತ್ರ ಎಂಟಿಯು (ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ) 1500ರಿಂದ 9000ಕ್ಕೆ ಏರಿಸಿ.

5. ಐಪರ್ಫ್‌ನಿಂದ ಜಾಲದ ವೇಗ ಪರೀಕ್ಷಿಸಿ. ಗಿಗಾಬಿಟ್‌ನ ಗರಿಷ್ಠ ಮಿತಿಯೇ ಸೆಕೆಂಡಿಗೆ 125 ಮೆಗಾಬೈಟ್. 900 ಮೆಗಾಬಿಟ್ ಆಸುಪಾಸು ಬರದಿದ್ದರೆ ಕೇಬಲ್, ಸ್ವಿಚ್ ನೋಡಿ.

ಇಷ್ಟಾದರೂ ಅರ್ಧಕ್ಕಿಂತ ಹೆಚ್ಚು ಸಮಯ ಸಂದೇಶಗಳಿಗೇ ಹೋದರೆ, ಕಡಿಮೆ ಯಂತ್ರಗಳಲ್ಲಿ ಓಡಿಸಿ ಹೋಲಿಸಿ. ಇನ್ಫಿನಿಬ್ಯಾಂಡ್‌ನಂತಹ ದುಬಾರಿ ಉಪಕರಣಕ್ಕೆ ಹಣ ಹಾಕುವ ಮುನ್ನ, ಪ್ರೊಫೈಲರ್ ವರದಿ ಹಿಡಿದು ಸಿ-ಡ್ಯಾಕ್‌ನಂತಹ ಸಂಸ್ಥೆಯ ತಜ್ಞರನ್ನು ಕಾಣಿರಿ.